ಎಡಗಡೆಯ ಮಡ್‌ಗಾರ್ಡು

"ಈ ಎಡಗಡೆ ಮಡ್‌ಗಾರ್ಡು ನಿಮ್ಮ ಗಾಡೀದಲ್ಲ ಸಾರ್," ಎಂದ, ಕಾರು ಅಸಲಿಯೋ ನಕಲಿಯೋ ನೋಡಲು ಕೊಳ್ಳುವವರು ಕಳಿಸಿದ್ದ ಪರೀಕ್ಷಕ. ಅವನ ಟಾರ್ಚು ಅಲ್ಲಿಂದ ಕದಲಲಿಲ್ಲ. "ಬಲಗಡೆದಕ್ಕೆ ಕಂಪನಿ ಮುದ್ರೆ ಇದೆ, ಇದಕ್ಕಿಲ್ಲ. ಯಾವಾಗ ಬದಲಾಯಿಸಿದ್ರಿ?"

ದೊಡ್ಡ ಎಂಜಿನ್ನಿನ ತನ್ನ ಹಳೇ ಮಸಲ್ ಕಾರಿನ ಒಂದು ಸ್ಕ್ರೂ ಕೂಡ ಬದಲಾಗಿಲ್ಲವೆಂದು ಊರಿಗೆಲ್ಲ ಎದೆ ತಟ್ಟಿಕೊಂಡು ಹೇಳುತ್ತಿದ್ದ ಯಜಮಾನ ಕೈಯಲ್ಲಿದ್ದ ಒಣ ಬಟ್ಟೆಯನ್ನೇ ಹಿಂಡತೊಡಗಿದ. "ಇಡೀ ಗಾಡಿನೇ ಡೂಪ್ಲಿಕೇಟು ಬಿಡಿ. ನಕಲಿ ಅಂತ ಬರೆದುಕೊಂಡು ಹೊರಡಿ."

"ಏನ್ರೀ ಹೀಗಂತೀರಾ!" ಹೆಂಡತಿಗೆ ರೇಗಿತು. ಮದುವೆಯಾದಾಗಿನಿಂದ ಈ ಕಾರೆಂಬ ಸವತಿಯ ಜೊತೆ ಬಾಳಿದವಳು ಅವಳು. "ಹಳೇದು ಇಲ್ಲೇ ಬೀರು ಹಿಂದೆ ಇದೆ ಸಾರ್. ಬಟ್ಟೆ ಸುತ್ತಿ ಜೋಪಾನ ಮಾಡಿದ್ದಾರೆ."

"ಬೇಡ ಕಣೇ" ಅನ್ನುವಷ್ಟರಲ್ಲಿ ಅವಳು ಅದನ್ನು ಹೊರಗೆಳೆದಾಗಿತ್ತು. ಗುಜರಿಯವನು ಏನಾದರೂ ಕೇಳಿಬಿಟ್ಟಾನೆಂಬ ಹೆದರಿಕೆಗೆ ಯಜಮಾನ ಅದನ್ನು ಎಸೆದಿರಲೇ ಇಲ್ಲ. "ನೋಡಿ, ಮುದ್ರೆ!" ಎಂದು ಅವಳು ಗೆದ್ದವಳ ಹಾಗೆ ಬಟ್ಟೆ ಸರಿಸಿದಳು. ಪರೀಕ್ಷಕ ಮುದ್ರೆಯನ್ನು ನೋಡಲಿಲ್ಲ. ನಜ್ಜುಗುಜ್ಜಾದ ತಗಡಿನ ಮಡಿಕೆಯಲ್ಲಿ ಮಕ್ಕಳ ಸೈಕಲ್ಲಿನ ಬೆಲ್ಲೊಂದು ಸಿಕ್ಕಿಕೊಂಡಿತ್ತು. ಇದೇನೆಂದು ಹೆಂಡತಿ ಬೆರಳಿಟ್ಟು ಒತ್ತಿದಳು.

ತುಕ್ಕು ಹಿಡಿದಿದ್ದರೂ ಅದು ಟ್ರಿಣ್ ಎಂದಿತು.