ನಾಮಿನಿಯ ಹೆಬ್ಬೆರಳು

ನಾನು ಸ್ಟೀರಿಂಗ್ ಹಿಡಿದೆನೆಂದರೆ ಆಕಾಶದ ಹದ್ದೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಎಪ್ಪತ್ತೆಂಟು ವರ್ಷದ ಈ ಮೈಮೇಲೆ ಒಂದು ತರಚು ಗಾಯವೂ ಇಲ್ಲ. ದಾವಣಗೆರೆಯ ವಿಮಾ ಕಚೇರಿಯಲ್ಲಿ, ಎಪ್ಪತ್ತು ದಾಟಿದವರ ಕೌಂಟರಿನಲ್ಲಿ, ಅದನ್ನೇ ಹೇಳಿದೆ. ಗುಮಾಸ್ತೆ ನನ್ನತ್ತ ನೋಡಲೂ ಇಲ್ಲ. ನನ್ನ ನಾಮಿನಿ, ಅಂದರೆ ಹೆಂಡತಿ ಶಿವಗಂಗಮ್ಮನ ಮೈಮೇಲಿನ ಕಟ್ಟುಗಳನ್ನು ನೋಡಿ ಬರೆದುಕೊಂಡಳು.

"ಎಡಗಾಲು, ಯುಗಾದಿಗೆ. ಬಲಗೈ, ದಸರಾಕ್ಕೆ. ಈ ವರ್ಷ ಎರಡು ಸಲ ಗುದ್ದೀರಿ, ಅಜ್ಜಾರೆ."

"ಒಂದು ಎಮ್ಮೆ, ಒಂದು ಕಂಬ. ಅವೇ ಅಡ್ಡ ಬಂದ್ವು."

"ಈ ಸಲನಾದ್ರೂ ಸಾದಾ ಪಾಲಿಸಿ ಮಾಡಿಸ್ರಿ. ಕಂತು ಅರ್ಧ, ಪೆಟ್ಟು ನಿಮ್ಮ ಮೈಗೇ. ಫುಲ್ ಕವರ್ ಅಂದ್ರೆ ನಿಮ್ಮ ಪೆಟ್ಟೆಲ್ಲ ಮತ್ತೆ ನಾಮಿನಿ ಅಮ್ಮಾರ ಮೈಗೇ ಬೀಳುತ್ತೆ. ಅವರ್ದು ಉಳಿದಿರೋದು ಒಂದು ಕೈ, ಒಂದು ಕಾಲು, ತಲೆ, ಬೆನ್ನು."

ನಾನು ಬಾಯಿ ತೆರೆಯುವಷ್ಟರಲ್ಲಿ ಶಿವಗಂಗಮ್ಮ, "ಫುಲ್ಲೇ ಇರ್ಲಿ ತಾಯಿ. ಇವರು ಸೂಜಿ ಕಂಡ್ರೇ ಮಂಚದ ಕೆಳಗೆ ತೂರ್ತಾರೆ" ಎಂದು ನಕ್ಕು, ಸರಿಯಿದ್ದ ಎಡಗೈ ಚಾಚಿದಳು.

ಕೆಸರಲ್ಲಿ ಹೂತ ಲಾರಿಯನ್ನು ಕಿರುಬೆರಳಲ್ಲಿ ಎತ್ತಿದವನು ನಾನು, ಜಿಲ್ಲೆಗೆಲ್ಲ ಗೊತ್ತು. ಮಸಿಯ ಪ್ಯಾಡಿನ ಕಡೆ ಹೋಗುತ್ತಿದ್ದ ಅವಳ ಹೆಬ್ಬೆರಳನ್ನು ತಡೆಯುವುದಕ್ಕೆ ಮಾತ್ರ ನನ್ನ ಕೈ ಮೇಲೇಳಲಿಲ್ಲ.