ಏಳು ಮಂಗಳವಾರ

‘ಇವತ್ತೂ ಬಾಯಿ ಬಿಡದೆ ವಾಪಸಾದರೆ, ನಾಳೆ ಆಗುವುದಕ್ಕೆಲ್ಲ ನಾನೇ ಹೊಣೆ.’

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಡೈರಿಯಲ್ಲಿ ಇಷ್ಟು ಬರೆದಳು. ‘ಹೊಣೆ’ಯ ಕೆಳಗೆ ಗೆರೆ ಎಳೆದಳು. ಪೆನ್ನಿನ ಒತ್ತಿಗೆ ಕಾಗದ ಹರಿಯಿತು.

ಪದವಿ ಮುಗಿದು ವರ್ಷವಾಗಿತ್ತು. ಸಂದರ್ಶನದಲ್ಲಿ ಹೆಸರು ಕೇಳಿದರೂ ತಡವರಿಸುವ ಹುಡುಗಿ. ಆಡಬೇಕಾದ ಮಾತೆಲ್ಲ ಡೈರಿಗೇ ಹೋಗುತ್ತಿತ್ತು. ಅಪ್ಪ ಇಟ್ಟ ಅಡ್ಡಹೆಸರು ಮೌನಗೌರಿ.

ಮೂರನೇ ಮಹಡಿಯ ವಾರ್ಡಿನಲ್ಲಿ ಅಪ್ಪ ಮಗ್ಗುಲಾಗಿ ಮಲಗಿದ್ದರು. ಗಡಿಯಾರ ರಿಪೇರಿ ಅವರ ಕಸುಬು. ನಲವತ್ತು ವರ್ಷ ಬಗ್ಗಿ ಕೂತು ಸೊಂಟದ ಡಿಸ್ಕ್ ಜಾರಿತ್ತು. ಎಡಗಾಲಿಗೆ ಉರಿ, ಜೋಮು. ಹತ್ತು ಹೆಜ್ಜೆಗೆ ಕಾಲು ಸೋಲುತ್ತಿತ್ತು. ಆದರೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನರ್ಸೊಬ್ಬಳ ಕೈಗಡಿಯಾರವನ್ನು ಬಿಚ್ಚಿ ಹರಡಿಕೊಂಡಿದ್ದರು.

“ಅಪ್ಪಾ, ಒಂದು ವಾರ ಮುಂದಕ್ಕೆ ಹಾಕೋಣ್ವಾ?”

“ಯಾಕಮ್ಮ? ನಾಳೆ ಎಂಟು ಗಂಟೆಗೆ ಟೇಬಲ್ ಬುಕ್ ಆಗಿದೆ. ಹೋಟೆಲಲ್ಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ನನಗೆ.” ತಾವೇ ನಕ್ಕರು. “ಆ ಡಾಕ್ಟರ ಕೈಗುಣ ಎಂಥದ್ದು ಅಂತ ಊರಿಗೇ ಗೊತ್ತು. ಸುಮ್ನೆ ತಲೆ ಕೆಡಿಸ್ಕೋಬೇಡ, ಹೋಗು.”

ಮಧ್ಯಾಹ್ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವಳು ಅವಳೇ. ಅದರ ನಾಲ್ಕನೇ ಸಾಲು ತಲೆಯಿಂದ ಹೋಗುತ್ತಿರಲಿಲ್ಲ: ಎರಡೂ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪುವ ಸಾಧ್ಯತೆ.

ಕೆಳಮಹಡಿಗೆ ಇಳಿದಳು. ಬಾಗಿಲ ಮೇಲೆ ಫಲಕ: ಬೆನ್ನುಹುರಿ ತಜ್ಞರು. ತಪಾಸಣೆ ಮಂಗಳವಾರ ಮಾತ್ರ. ಕಳೆದ ಆರು ಮಂಗಳವಾರವೂ ಅಪ್ಪನ ಜೊತೆ ಇಲ್ಲಿಗೆ ಬಂದಿದ್ದಳು. ಒಳಗೆ ಎಸಿ ಗುಂಯ್ ಎನ್ನುತ್ತಿತ್ತು. ನರ್ಸ್ ವೈದ್ಯರ ಮುಂದೆ ಅರ್ಧ ಲೋಟ ನೀರಿಟ್ಟು, ಅಪ್ಪನ ಫೈಲು ಬಿಡಿಸಿಟ್ಟು ಹೊರಗೆ ಹೋದಳು.

“ಏನಮ್ಮ, ನಾಳೆ ಬೆಳಿಗ್ಗೆ ಆಪರೇಷನ್ನು. ಈಗೇನು ಹೊಸ ಡೌಟು?”

ಡೈರಿ ತೆರೆದಳು. ಮಾತಾಡಲಾಗದಿದ್ದರೂ ಓದಬಲ್ಲಳು.

“ಕೆಲವು ಲಕ್ಷಣ ಬರೆದಿಟ್ಟಿದ್ದೀನಿ ಸರ್. ಫೈಲಲ್ಲಿ ಇಲ್ಲ.”

“ಓದಿ.”

“ಮೊದಲನೇ ಮಂಗಳವಾರ, ಪೆನ್ನು ಎರಡು ಸಲ ಕೈಜಾರಿತು. ಎರಡನೇದು, ಗುಂಡಿ ಹಾಕೋಕೆ ಮೂರು ಸಲ ನೋಡಿ ಹಾಗೇ ಬಿಟ್ಟರು. ಮೂರನೇದು, ಮತ್ತೆ ಪೆನ್ನು. ನಾಲ್ಕನೇದು, ತಲೆ ಬಗ್ಗಿಸಿದ ಕೂಡಲೇ ಬೆಚ್ಚಿಬಿದ್ದು ಕತ್ತು ಉಜ್ಜಿಕೊಂಡರು. ಐದನೇದು, ಎದ್ದು ನಡೆಯುವಾಗ ಗೋಡೆ ಹಿಡಿದರು. ಆರನೇದು, ತುಂಬಿದ ಲೋಟ ಬಿತ್ತು.”

ವೈದ್ಯರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

“ಬರೀ ಮಂಗಳವಾರವೇ ಯಾಕೆ?”

“ಬೇರೆ ದಿನ ನಾನು ನೋಡಿಲ್ಲ ಸರ್.”

“ಚೆನ್ನಾಗಿದೆ! ವಾರಕ್ಕೊಂದು ಸಲ ಮುಖ ನೋಡೋ ಮಗಳು. ಏಳನೇದು?”

“ಇವತ್ತು ಸರ್. ಇನ್ನೂ ಬರೆದಿಲ್ಲ.”

“ಕೈಬರಹ ಹೇಗಿದೆ?”

“ಬದಲಾಗಿದೆ. ಮೂರು ಚೀಟಿ ತಂದಿದ್ದೀನಿ.”

“ಆಮೇಲೆ ನೋಡ್ತೀನಿ. ಕೈ ಯಾಕೆ ಹೀಗೆ ಅಂದ್ರೆ ಏನಂತಾರೆ?”

“ಚಳಿಗೆ ಅಂತಾರೆ.”

“ಅನ್ನದೆ ಇರ್ತಾರಾ! ಚಳಿ ಅಂತಾರೆ, ವಯಸ್ಸು ಅಂತಾರೆ, ನಿದ್ದೆಯಿಲ್ಲ ಅಂತಾರೆ. ಇದು ಮೈಗೆ ಬಂದವರಿಗೆ ಕೊನೆಗೆ ಗೊತ್ತಾಗೋದು. ಎದುರಿಗೆ ಕೂತವರಿಗೇ ಮೊದಲು ಕಾಣೋದು.” ದನಿ ತಗ್ಗಿತು. “ಇದು ಸೊಂಟದ್ದಲ್ಲಮ್ಮ. ಕುತ್ತಿಗೆ ಹತ್ರ ಬೆನ್ನುಹುರಿ ಒತ್ತಿಹೋಗ್ತಿರೋ ಹಾಗಿದೆ. ಇವತ್ತೇ ಸ್ಕ್ಯಾನ್ ಆಗ್ಬೇಕು. ಬಿಟ್ಟರೆ ಕೈ ಪೂರ್ತಿ ಹೋಗುತ್ತೆ.”

“ಕೆಲಸ?”

“ಕೂದಲೆಳೆಯಷ್ಟು ಸೂಕ್ಷ್ಮದ ಕೆಲಸ ಅಲ್ವಾ ಅವರದು? ಇನ್ನು ಉಪಕರಣ ಮುಟ್ಟೋ ಹಾಗಿಲ್ಲ.”

“ನಾಳೆ?”

“ನಾಳೇನೂ ಇಲ್ಲ, ನಾಡಿದ್ದೂ ಇಲ್ಲ. ಆ ಕೈಗೆ ಸಿಕ್ಕಿದ್ದು ಹಾಳಾಗುತ್ತೆ ಅಷ್ಟೆ.” ಫೈಲಿನ ಮೇಲೆ ಅಂಗೈ ಬಡಿದರು. “ಏಳು ವಾರ ಇದನ್ನ ಬಚ್ಚಿಟ್ಕೊಂಡು ಕೂತಿದ್ರಲ್ಲ, ಬಾಯಲ್ಲೇನು ಹಲ್ಲು ನೋವಾ?”

“ಹೇಳೋಕೆ ಧೈರ್ಯ ಬರಲಿಲ್ಲ ಸರ್.”

“ಅಪ್ಪನ ಹತ್ರ ಮಾತಾಡೋಕೂ ಧೈರ್ಯ ಬೇಕಾ?”

ಅವಳು ಡೈರಿಯ ಅಂಚು ಮಡಚಿದಳು. ಕಿವಿ ಬಿಸಿಯಾಯಿತು. ಗೋಡೆಯ ಎಕ್ಸ್‌ರೇ ಪೆಟ್ಟಿಗೆಯ ಬೆಳಕಿನಲ್ಲಿ ಅಪ್ಪನ ಬೆನ್ನಿನ ಎಲುಬುಗಳು ಬೆಳ್ಳಗೆ ತೂಗುತ್ತಿದ್ದವು.

“ಸರಿ. ಈಗಲೇ ಮೇಲೆ ಹೋಗಿ ಒಂದು ಪರೀಕ್ಷೆ ಮಾಡಿಸಿ. ಮುಷ್ಟಿ ಕಟ್ಟಿ ಪೂರ್ತಿ ಬಿಡಿಸಬೇಕು, ಎಷ್ಟಾಗುತ್ತೋ ಅಷ್ಟು ಬೇಗ. ಹತ್ತು ಸೆಕೆಂಡಿಗೆ ಇಪ್ಪತ್ತು ಸಲವಾದ್ರೂ ಆಗ್ಬೇಕು. ತೀರಾ ಕಮ್ಮಿ ಆದ್ರೆ ನಾಳಿನ ಆಪರೇಷನ್ ಕ್ಯಾನ್ಸಲ್. ನೋಡಿ, ಹೀಗೆ.”

ವೈದ್ಯರು ಬಲಗೈ ಎತ್ತಿ ತೋರಿಸತೊಡಗಿದರು.

ಅವಳ ಮಣಿಕಟ್ಟಿನಲ್ಲಿ ಅಪ್ಪ ಸರಿಮಾಡಿಕೊಟ್ಟ ಗಡಿಯಾರವಿತ್ತು. ಒಮ್ಮೆ ಸೆಕೆಂಡಿನ ಮುಳ್ಳನ್ನು, ಒಮ್ಮೆ ಎದುರಿನ ಕೈಯನ್ನು ನೋಡುತ್ತ ಮನಸ್ಸಿನಲ್ಲೇ ಎಣಿಸಿದಳು. ಮುಳ್ಳು ಹತ್ತು ಗೆರೆ ದಾಟಿತು.

“ಗೊತ್ತಾಯ್ತಾ?” ಎಂದರು ವೈದ್ಯರು.

ಅವಳು ಡೈರಿ ಮುಚ್ಚಿದಳು. ಮೂರೂ ಔಷಧಿ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ, ಅವರ ಕಡೆಗೆ ತಿರುಗಿಸಿಟ್ಟಳು. ಈ ಸಲ ಓದಲಿಲ್ಲ.

“ಒಂಬತ್ತು ಸರ್. ಅಪ್ಪನ ಕೈ ಚೆನ್ನಾಗಿದೆ. ಏಳು ವಾರದಿಂದ ನಾನು ನೋಡ್ತಿರೋದು ನಿಮ್ಮ ಕೈನ.”