ದೋಣಿಗೆ ಹಾಕಿದ ಕುರ್ಚಿ

ದೋಣಿ ಮತ್ತೊಮ್ಮೆ ವಾಲಿತು. ಅನಂತಪ್ಪ ಸಾಹುಕಾರರು ಅದರೊಳಗೆ ಹಾಕಿಸಿದ್ದ ಕುರ್ಚಿಯ ಕೈಗಳನ್ನು ಬಿಗಿಹಿಡಿದು "ಏ, ಹಿಡಿಯೋ!" ಎಂದು ಅಂಬಿಗನಿಗೆ ಕೂಗಿದರು. ಹೆಂಡತಿಯೊಡನೆ ಕೃಷ್ಣೆಯಲ್ಲಿ ವಿಹಾರ ಮಾಡಲು ಎರಡು ದೋಣಿ ತರಿಸಿದ್ದರು. ಸಪೂರವಾದದ್ದು ವಾಲುತ್ತದೆಂದು ಬೆಳಿಗ್ಗೆಯೇ ಬೇಡವಾಗಿತ್ತು. ಈಗ ಅಗಲ ತಳದ್ದೂ ಹೊಯ್ದಾಡುತ್ತಿತ್ತು. ಸಂಸ್ಥಾನದ ದರಬಾರಿನಲ್ಲಿ ಮಾನದ ಕುರ್ಚಿ ಸಿಕ್ಕಂದಿನಿಂದ ಸಾಹುಕಾರರು ನೆಲದ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಕುರ್ಚಿಗೆಂದು ಗಾದಿ ತಂದಿದ್ದ ರಬಕವಿಯ ನೇಕಾರ ಕಾಶಪ್ಪ ದಂಡೆಯಲ್ಲಿದ್ದ. ಸಾಹುಕಾರರು ಇಳಿದವರೇ ಅವನತ್ತ ಬೆರಳು ಮಾಡಿದರು. "ನೀ ಒಂದೀಟು ಕುಂತು ನೋಡ್ಲೇ. ಈ ದೋಣಿನೂ ಖೊಟ್ಟಿ ಐತೋ ಏನೋ."

ಕಾಶಪ್ಪ ಹುಟ್ಟಿದಾಗಿನಿಂದ ದೋಣಿ ಹತ್ತಿದವನಲ್ಲ. ಈಗ ಒಳಗಿಳಿದು ಕುರ್ಚಿಯನ್ನೆತ್ತಿ ಅಂಬಿಗನ ಕೈಗೆ ಕೊಟ್ಟ. ಗಾದಿಯನ್ನು ದೋಣಿಯ ತಳಕ್ಕೆ ಹಾಸಿ, ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕೂರುವಂತೆ ನೆಟ್ಟಗೆ ಕೂತು, ಕಾಲು ಚಾಚಿ ಅಡ್ಡಪಟ್ಟಿಗೆ ಒತ್ತಿದ. ದಿನವಿಡೀ ಲಾಳಿ ಎಸೆದರೂ ಅಲುಗದ ಸೊಂಟ ಅದು. ದೋಣಿಯೂ ಅಲುಗಲಿಲ್ಲ.

"ದೋಣಿ ಛಲೋ ಐತ್ರಿ," ಎಂದ. "ಕುರ್ಚಿ ಎತ್ತರ ಆಗೇತಿ."

ದಂಡೆಯಲ್ಲಿದ್ದ ಸಾಹುಕಾರರ ಹೆಂಡತಿ ಕಮಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ನಗುವುದನ್ನು ಕಂಡ ಸಾಹುಕಾರರು, ಕಾಶಪ್ಪ ಇಳಿದ ಮೇಲೆ ದೋಣಿ ಹತ್ತಿ ಗಾದಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಇಪ್ಪತ್ತು ವರ್ಷ ಅವರು ಕಾಶಪ್ಪನ ಮಗ್ಗದ ಕುಣಿಯ ಅಂಚಿಗೆ ನಿಂತು ಮಾತಾಡಿದವರು, ಅವನು ಕುಣಿಯೊಳಗಿಂದ ಕತ್ತೆತ್ತಿ ಕೇಳಿದವನು.

"ಕಾಲು ಎಲ್ಲಿಡ್ಲೋ, ಕಾಶಪ್ಪಾ?" ಸಾಹುಕಾರರು ಕತ್ತೆತ್ತಿ ಕೇಳಿದರು.

ಕಾಶಪ್ಪ ದಂಡೆಯ ಅಂಚಿಗೆ ಬಂದು ನಿಂತ.

"ಮುಂದ ಚಾಚ್ರಿ. ಇನ್ನೂ ಕೆಳಗ ಕುಂಡ್ರಿ, ಸಾವಕಾರ್ರ."